ಚೀನಾದ ವಿದ್ಯುತ್ ಕಾರುಗಳೊಡನೆ ಹಳೆಯ ಕಂಪನಿಗಳು ಪೈಪೋಟಿ ನಡೆಸಲು ಏಕೆ ಹೆಣಗುತ್ತಿವೆ?

ಮುಖ್ಯ ಕಾರಣ ಬ್ಯಾಟರಿ. ಚೀನಾದಲ್ಲಿನ ಅಗ್ಗದ ಕೂಲಿಯೇ ಕಾರಣವೆಂದು ಹಲವರು ಊಹಿಸುತ್ತಾರೆ, ಆದರೆ ಅದು ಒಂದು ಸಣ್ಣ ಭಾಗವಷ್ಟೇ. ವಿದ್ಯುತ್ ಕಾರಿನ ತಯಾರಿಕಾ ವೆಚ್ಚದಲ್ಲಿ ಸುಮಾರು ಮೂರನೇ ಒಂದು ಪಾಲು ಬ್ಯಾಟರಿಗೇ ಹೋಗುತ್ತದೆ, ಮತ್ತು ಬ್ಯಾಟರಿಯೊಳಗೆ ಜೋಡಿಸುವ ಲಿಥಿಯಂ ಸೆಲ್‌ಗಳಲ್ಲಿ ಜಗತ್ತಿನ ಬಹುಪಾಲು ತಯಾರಾಗುವುದು ಚೀನಾದಲ್ಲಿಯೇ. 1995ರಲ್ಲಿ ಶೆನ್‌ಝೆನ್‌ನಲ್ಲಿ ಬ್ಯಾಟರಿ ಕಂಪನಿಯಾಗಿ ಹುಟ್ಟಿ, 2003ರಲ್ಲಿ ಕಾರು ತಯಾರಿಕೆಗೆ ಇಳಿದ ಬಿವೈಡಿಯು ಸೆಲ್, ಮೋಟಾರು, ಹಲವು ಚಿಪ್‌ಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ದುಬಾರಿ ನಿಕ್ಕಲ್ ಮತ್ತು ಕೋಬಾಲ್ಟ್ ಬೇಡದ ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯನ್ನು ಬಳಸುವುದರಿಂದ ಅದರ ಖರ್ಚು ಇನ್ನಷ್ಟು ತಗ್ಗುತ್ತದೆ. ಹಳೆಯ ಕಂಪನಿಗಳಲ್ಲಿ ಹೆಚ್ಚಿನವು ಸೆಲ್‌ಗಳನ್ನು ಪೂರೈಕೆದಾರರ ಲಾಭವನ್ನೂ ತೆತ್ತು ಹೊರಗಿನಿಂದ ಕೊಳ್ಳಬೇಕು. 2009ರಿಂದ ಚೀನಾ ಸರ್ಕಾರ ನೀಡಿದ ಸಬ್ಸಿಡಿಯೂ ಅಲ್ಲಿನ ಮಾರುಕಟ್ಟೆಯನ್ನು ಬೇಗ ಬೆಳೆಸಿತು.

ಇನ್ನೊಂದು ತೊಡಕು ಪುಣೆಯ ಪಿಂಪ್ರಿ-ಚಿಂಚವಾಡ, ಚಾಕಣ್ ಕಡೆಯ ವಾಹನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮಂಥ ಕನ್ನಡಿಗರಿಗೆ ಕಣ್ಣೆದುರೇ ಕಾಣುತ್ತದೆ. ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್, ಸೈಲೆನ್ಸರ್ ತಯಾರಿಸುವ ಯಂತ್ರಗಳ ಮೇಲೆ ಇಲ್ಲಿ ಅಪಾರ ಬಂಡವಾಳ ಕೂತಿದೆ, ಆದರೆ ವಿದ್ಯುತ್ ಕಾರಿಗೆ ಇವುಗಳಲ್ಲಿ ಒಂದೂ ಬೇಡ. ಹಳೆಯ ಕಂಪನಿಯು ಆ ಯಂತ್ರಗಳನ್ನೂ ಅವುಗಳನ್ನು ನಂಬಿದ ಕೆಲಸಗಾರರನ್ನೂ ಒಮ್ಮೆಲೇ ಕೈಬಿಡಲಾಗದೆ (ಬಿಡಲೂಬಾರದೆಂದು ನಾನು ಬಲವಾಗಿ ನಂಬಿದ್ದೇನೆ) ಎಂಜಿನ್ ಕಾರು, ವಿದ್ಯುತ್ ಕಾರು ಎರಡಕ್ಕೂ ಹಣ ಹೂಡುತ್ತಿದೆ. ಬರೀ ವಿದ್ಯುತ್ ಕಾರನ್ನೇ ತಯಾರಿಸುವ ಹೊಸ ಕಂಪನಿಗೆ ಆ ಹೊರೆಯಿಲ್ಲ.