ಬಳಗದ ಹಿರಿಯರೇ ನಡವಳಿಕೆಯ ನಿಯಮ ಮುರಿದರೆ ನಿರ್ವಾಹಕರು ಏನು ಮಾಡಬೇಕು?

ಮೈಸೂರಿನ ಸಾಫ್ಟ್‌ವೇರ್ ಉದ್ಯೋಗಿಗಳ ನಿಮ್ಮ ಟೆಲಿಗ್ರಾಂ ಬಳಗಕ್ಕೆ ನಿಯಮಗಳಿವೆ. ಹಲವರಿಗೆ ಕೆಲಸ ಕೊಡಿಸಿದ ಹಿರಿಯರೊಬ್ಬರು ಹೊಸಬರನ್ನು ಎಲ್ಲರೆದುರು ಹೀಯಾಳಿಸುತ್ತಾರೆ. ಯುವತಿಯೊಬ್ಬರಿಗೆ ರಾತ್ರಿ ಹೊತ್ತು ಬೇಡದ ಸಂದೇಶಗಳನ್ನೂ ಕಳುಹಿಸಿದ್ದಾರೆ. ಅವರ ಮೇಲೆ ಕ್ರಮ ಕೈಗೊಂಡರೆ ಬಳಗ ಒಡೆದೀತೇ ಎಂದು ಕೇಳಿದ್ದೀರಿ.

ಇದೇ ಊರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಕರ ಬಳಗವೊಂದನ್ನು ಇನ್ನಿಬ್ಬರೊಂದಿಗೆ ನೋಡಿಕೊಳ್ಳುವವಳು ನಾನು. ಕ್ರಮ ಕೈಗೊಳ್ಳಿ. ಹೀಯಾಳಿಕೆ ತಾಳಲಾರದೆ ಸದ್ದಿಲ್ಲದೆ ಹೊರಹೋದ ಹೊಸಬರನ್ನು ಲೆಕ್ಕ ಹಾಕಿದರೆ ನಿಮ್ಮ ಬಳಗ ಈಗಾಗಲೇ ಒಡೆಯುತ್ತಿದೆ.

ನಮ್ಮಂಥ ಊರಿನಲ್ಲಿ ನಿಜವಾದ ತೊಡಕು ಪರಿಚಯದ್ದು. ಆ ಹಿರಿಯರು ನಿಮ್ಮ ಮೊದಲ ಮ್ಯಾನೇಜರ್ ಆಗಿರುತ್ತಾರೆ, ಇಲ್ಲವೇ ಭಾವನ ಸಹಪಾಠಿ. ಮುಂದಿನ ತಿಂಗಳು ಯಾವುದೋ ಮದುವೆಯ ಪಂಕ್ತಿಯಲ್ಲಿ ಎದುರಾಗುತ್ತಾರೆ. "ದೊಡ್ಡವರು, ಹೋಗಲಿ ಬಿಡಿ" ಎಂಬ ಫೋನುಗಳು ಬಂದೇ ಬರುತ್ತವೆ. ಅದಕ್ಕಾಗಿ ದೂರು ಕೇಳಲು ಮೂವರಿರಲಿ, ಅವರಲ್ಲಿ ಮಹಿಳೆಯರಿರಲಿ. ಆರೋಪ ಹೊತ್ತವರ ಬಂಧುವೋ ಅವರ ಕೈಕೆಳಗಿನವರೋ ಇದ್ದರೆ ಆ ದೂರಿನಿಂದ ಹಿಂದೆ ಸರಿಯಲಿ. ಇಬ್ಬರನ್ನೂ ಕಾಫಿಗೆ ಕರೆದು ಕೂರಿಸಿ "ಮಾತಾಡಿ ಮುಗಿಸಿಕೊಳ್ಳಿ" ಎನ್ನುವ ರಾಜಿ ಪಂಚಾಯಿತಿ ಮಾತ್ರ ಖಂಡಿತ ಬೇಡ. ನೊಂದವಳನ್ನು ಅವರೆದುರು ಕೂರಿಸುವುದು ಇನ್ನೊಂದು ಹಿಂಸೆ. ಹಿರಿಯರ ಮಾತನ್ನೂ ಕೇಳಲೇಬೇಕು, ಆದರೆ ಬೇರೆಯಾಗಿ, ಬರವಣಿಗೆಯಲ್ಲಿ.

ಸಂದೇಶಗಳ ಸ್ಕ್ರೀನ್‌ಶಾಟ್‌ಗಳನ್ನು ಇವತ್ತೇ ತೆಗೆದಿಡಲು ಆಕೆಗೆ ಹೇಳಿ. ಟೆಲಿಗ್ರಾಂನಲ್ಲಿ ಖಾಸಗಿ ಮಾತುಕತೆಯನ್ನು ಒಬ್ಬರೇ ಇಬ್ಬರ ಫೋನಿನಿಂದಲೂ ಅಳಿಸಿಬಿಡಬಹುದು.

ಶಿಕ್ಷೆಯ ಪ್ರಮಾಣಕ್ಕೆ ಒಂದು ಮಾದರಿ ಸಿದ್ಧವಾಗಿಯೇ ಇದೆ. ಮುಕ್ತ ತಂತ್ರಾಂಶ ಬಳಗಗಳಿಗಾಗಿ ಕೊರಲೀನ್ ಅಡಾ ಎಮ್ಕೆ ಎಂಬ ಪ್ರೋಗ್ರಾಮರ್ 2014ರಲ್ಲಿ ರೂಪಿಸಿದ 'ಕಾಂಟ್ರಿಬ್ಯೂಟರ್ ಕವೆನೆಂಟ್' ಎಂಬ ನಡವಳಿಕೆ ಸಂಹಿತೆಯನ್ನು ಲಿನಕ್ಸ್ ಕರ್ನಲ್ ತಂಡ 2018ರಲ್ಲಿ ಒಪ್ಪಿಕೊಂಡಿತು. ಅದರ ಎರಡನೇ ಆವೃತ್ತಿಯಲ್ಲಿ ನಾಲ್ಕು ಹಂತಗಳಿವೆ: ತಿದ್ದುವುದು, ಎಚ್ಚರಿಕೆ, ತಾತ್ಕಾಲಿಕ ನಿರ್ಬಂಧ, ಶಾಶ್ವತ ನಿರ್ಬಂಧ. ಪ್ರತಿ ಸಲವೂ ಮೊದಲ ಹಂತದಿಂದಲೇ ಶುರು ಮಾಡಬೇಕಿಲ್ಲ. ಹೀಯಾಳಿಕೆಗೆ ಲಿಖಿತ ಎಚ್ಚರಿಕೆ ಸಾಕಾಗಬಹುದು. ರಾತ್ರಿಯ ಸಂದೇಶಗಳ ವಿಷಯ ಬೇರೆ. ವಿಚಾರಣೆ ಮುಗಿಯುವವರೆಗೆ ಅವರನ್ನು ಹೊರಗಿಡಿ, ಆರೋಪ ನಿಜವಾದರೆ ಮರಳಿ ಸೇರಿಸಬೇಡಿ.

ಆ ಹಿರಿಯರೂ ಆಕೆಯೂ ಒಂದೇ ಕಡೆ ಕೆಲಸ ಮಾಡುವವರಾದರೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ದೂರು ಕೊಡುವ ಹಕ್ಕು ಆಕೆಗಿದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಕಚೇರಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕಾದ್ದರಿಂದ ನಿಮ್ಮ ವಿಚಾರಣೆ ಎಳೆದಾಡಿ ಆ ಅವಧಿಯನ್ನು ನುಂಗಬಾರದು. ಬೆದರಿಕೆ ಇದ್ದರೆ ನೇರವಾಗಿ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಲಿ, ಜೊತೆಗೆ ನೀವೂ ಹೋಗಿ.

ತೀರ್ಮಾನವನ್ನು ಮೊದಲು ಆಕೆಗೆ ತಿಳಿಸಿ, ಆಮೇಲೆ ಬಳಗಕ್ಕೆ. ಯಾವ ನಿಯಮ ಮುರಿಯಿತು, ಏನು ಕ್ರಮ ಆಯಿತು ಎಂಬ ಎರಡು ಸಾಲು ಸಾಕು. ಆಕೆಯ ಗುರುತು ಸಿಗುವಂಥ ಒಂದು ಪದವೂ ಬೇಡ.

ಇನ್ನು, ಆ ಹಿರಿಯರ ಬಲವೆಲ್ಲ ಇರುವುದು ಕೆಲಸ ಕೊಡಿಸುವುದರಲ್ಲಿ. ನಮ್ಮ ಮೈಸೂರಿನ ಹೆಬ್ಬಾಳದ ಕಂಪನಿಗಳಲ್ಲಿರುವ ನಾಲ್ಕೈದು ಸದಸ್ಯರನ್ನು ಕೇಳಿಕೊಂಡು, ಕೆಲಸದ ಮಾಹಿತಿ ಎಲ್ಲರೂ ನೋಡುವಲ್ಲಿಯೇ ಬರುವಂತೆ ಮಾಡಿ. ಆಗ ಮುಂದಿನ ದೂರು ಕೊಡುವವರಿಗೆ ಅನ್ನದ ಭಯ ಇರುವುದಿಲ್ಲ.