ಸೈಕಲ್ಲನ್ನು ಮೂಡು ದಿಕ್ಕಿಗೆ ತಿರುಗಿಸಿ

ಕೋಟೇಶ್ವರದಿಂದ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ವಯಸ್ಸು 46. ಕಳೆದ ವರ್ಷ ನಮ್ಮ ಪತ್ರಿಕೆಯಲ್ಲಿ ಬಂದ ಕರಾವಳಿ ಸೈಕಲ್ ಲೇಖನ ಓದಿ, ದೀಪಾವಳಿಗೆ ಒಂದು ರೋಡ್ ಬೈಕ್, ಅಂದರೆ ಸಪೂರ ಟೈರಿನ ಸೈಕಲ್, ಕೊಂಡರಂತೆ. ಲೇಖನದಲ್ಲಿದ್ದ ಹಾಗೆ ಹೆದ್ದಾರಿ ಹಿಡಿದು ಮರವಂತೆಗೆ ಹೊರಟರು. ಎರಡನೇ ಸಲ ಹೋದಾಗ ಒಂದು ಬಸ್ಸು ಮೊಣಕೈ ಸವರಿಕೊಂಡೇ ಹೋಯಿತು. ಅವತ್ತಿನಿಂದ ಸೈಕಲ್ ಜಗಲಿಯಲ್ಲೇ ನಿಂತಿದೆ. ಅವರು ಮೂರು ಪ್ರಶ್ನೆ ಕೇಳಿದ್ದಾರೆ. ‘ಹೆದ್ದಾರಿ ಬಿಟ್ಟು ನಮಗೆ ಬೇರೆ ದಾರಿ ಇಲ್ವಾ? ಕಡಲ ಪಕ್ಕದ ಊರಾಗಿ ಇಷ್ಟೊಂದು ಏರು ಯಾಕೆ? ಈ ವಯಸ್ಸಲ್ಲಿ ಘಾಟಿ ಹತ್ತೋ ಆಸೆ ಇಟ್ಟುಕೊಳ್ಳಬಹುದಾ?’

ಮೇಡಂ, ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನವನ್ನು ನಾನೇ ಓದಿ ಅಚ್ಚಿಗೆ ಕಳಿಸಿದ್ದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಅಂಥ ಫೋಟೋ ಸಿಕ್ಕಿದರೆ ಯಾವ ಪತ್ರಿಕೆಯವರೂ ಬಿಡುವುದಿಲ್ಲ. ಆದರೆ ಆ ರಸ್ತೆ ರಾಷ್ಟ್ರೀಯ ಹೆದ್ದಾರಿ 66. ಮಂಗಳೂರಿನಿಂದ ಗೋವಾ ಕಡೆ ಹೋಗುವ ಲಾರಿಗಳೆಲ್ಲ ಅಲ್ಲೇ ಹೋಗಬೇಕು. ಮರವಂತೆಯಲ್ಲಿ ಇನ್ನೂ ಒಂದು ಅಪಾಯ ಇದೆ. ಕಡಲು ಕಂಡ ಕೂಡಲೇ ಕಾರಿನವರು ತಟ್ಟನೆ ಬದಿಗೆ ಎಳೆದು ನಿಲ್ಲಿಸುತ್ತಾರೆ, ಹಿಂದೆ ನೋಡದೆ ಬಾಗಿಲು ತೆಗೆಯುತ್ತಾರೆ. ರಸ್ತೆಯಂಚಿಗೆ ಮರಳು ಹಾರಿ ಬಂದು ಕೂತಿರುತ್ತದೆ. ಸಪೂರ ಟೈರಿಗೆ ಅಷ್ಟು ಮರಳು ಸಾಕು ಜಾರಲು. ಇದನ್ನೆಲ್ಲ ನಾವು ಬರೆಯಬೇಕಿತ್ತು. ಬರೆಯಲಿಲ್ಲ. ನಿಮಗಾದ ಹೆದರಿಕೆಗೆ ನಮ್ಮ ಪಾಲೂ ಇದೆ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಬರುತ್ತೇನೆ. ಅದು ಗೊತ್ತಾದರೆ ಉಳಿದದ್ದು ಸುಲಭ. ಕುಂದಾಪುರದ ಪಂಚಗಂಗಾವಳಿ ಅಂದರೆ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ ಸೇರಿ ಐದು ಹೊಳೆಗಳ ಕೂಡುಜಾಗ. ಈ ಹೊಳೆಗಳು ಘಟ್ಟದ ಕಡೆಯಿಂದ ಪಡುವಣಕ್ಕೆ ಹರಿದು ಬರುತ್ತವೆ. ಎರಡು ಹೊಳೆಗಳ ನಡುವೆ ಕೆಂಪುಕಲ್ಲಿನ ಗುಡ್ಡ ಇರುತ್ತದೆ. ಹಾಗಾಗಿ ಬಡಗು–ತೆಂಕು ಹೋಗುವ ಒಳರಸ್ತೆ ಅಂದರೆ ಒಂದು ಗುಡ್ಡ ಹತ್ತಬೇಕು, ಹೊಳೆಗೆ ಇಳಿಯಬೇಕು, ಸಂಕ ದಾಟಿ ಮತ್ತೆ ಹತ್ತಬೇಕು. ಕಾರಿನಲ್ಲಿ ಕೂತವರಿಗೆ ಇದು ಗೊತ್ತೇ ಆಗುವುದಿಲ್ಲ. ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಮೂಡು–ಪಡು ಹೋಗುವ ರಸ್ತೆಗಳದ್ದು ಬೇರೆ ಲೆಕ್ಕ. ಅವು ಹೆಚ್ಚಿನ ಕಡೆ ಹೊಳೆಯ ಜೊತೆಗೇ ಸಾಗುತ್ತವೆ. ಅಲ್ಲೂ ಏರು ಇದೆ, ಆದರೆ ಉಸಿರು ಕಟ್ಟಿಸುವಂಥದ್ದು ಕಡಿಮೆ.

ಮತ್ತೆ ಇವು ನಿನ್ನೆ ಮೊನ್ನೆಯ ದಾರಿಗಳಲ್ಲ. ಬಸ್ರೂರು ಒಂದು ಕಾಲದ ದೊಡ್ಡ ಬಂದರು. ಶಿವಾಜಿ ಹಡಗು ತಂದು 1665ರಲ್ಲಿ ಲಗ್ಗೆ ಹಾಕಿದ್ದು ಇದೇ ಬಸ್ರೂರಿಗೆ. ಘಟ್ಟದ ಮೇಲೆ ಬಿದನೂರು, ಅಂದರೆ ಈಗಿನ ನಗರ, ಕೆಳದಿ ಅರಸರ ರಾಜಧಾನಿ. ಕೆಳಗಿನ ಬಂದರಿಗೂ ಮೇಲಿನ ರಾಜಧಾನಿಗೂ ನಡುವೆ ಎತ್ತು, ಆಳು, ಸಾಮಾನು ಎಲ್ಲ ಓಡಾಡಿದ್ದು ಘಾಟಿ ದಾರಿಗಳಲ್ಲೇ. 1783ರಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೈನ್ಯ ಹೊಸಂಗಡಿ ಘಾಟಿ ಹತ್ತಿಯೇ ಬಿದನೂರಿಗೆ ಹೋಯಿತು. ಹೊರೆ ಹೊತ್ತವರಿಗೆ ಕಂಡ ದಾರಿ ಸೈಕಲ್ಲಿಗೂ ಒಗ್ಗುತ್ತದೆ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಹಾಗಾಗಿ ನಿಮಗೆ ನನ್ನ ಉತ್ತರ ಇಷ್ಟು: ಸೈಕಲ್ಲಿನ ಮುಖವನ್ನು ಬಡಗು ದಿಕ್ಕಿನಿಂದ ಮೂಡು ದಿಕ್ಕಿಗೆ ತಿರುಗಿಸಿ. ನೀವು ಇರುವುದೇ ಕೋಟೇಶ್ವರದಲ್ಲಿ. ಹಾಲಾಡಿ ರಸ್ತೆ ನಿಮ್ಮ ಊರಿನಿಂದಲೇ ಶುರುವಾಗುತ್ತದೆ. ಹೆದ್ದಾರಿಯಲ್ಲಿ ಪೆಡಲ್ ತುಳಿಯುವ ಅಗತ್ಯವೇ ಇಲ್ಲ. ಹುಣ್ಸೆಮಕ್ಕಿ ದಾಟಿ ಹಾಲಾಡಿಗೆ ಹೋಗಿ. ಗದ್ದೆ ಬಯಲು, ಹಾಡಿ, ತೋಟ, ಮತ್ತೆ ಬಯಲು. ಹಾಲಾಡಿಯಲ್ಲಿ ವಾರಾಹಿ ಹೊಳೆ ಸಿಗುತ್ತದೆ. ಮೊದಲ ಎರಡು ಮೂರು ವಾರ ಅಲ್ಲಿಂದಲೇ ಚಾ ಕುಡಿದು ವಾಪಸ್ ಬನ್ನಿ. ಬನ್ಸ್ ಸಿಕ್ಕಿದರೆ ತಿನ್ನಿ, ಸೈಕಲ್ ಹೊಡೆದ ಹೊಟ್ಟೆಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಕಾಲು ಗಟ್ಟಿಯಾಯಿತು ಅನಿಸಿದ ಮೇಲೆ ಅದನ್ನೇ ಸುತ್ತು ಮಾಡಿಕೊಳ್ಳಿ. ಹಾಲಾಡಿಯಿಂದ ಶಂಕರನಾರಾಯಣ, ಅಲ್ಲಿಂದ ಅಂಪಾರು, ಕಂಡ್ಲೂರು, ಬಸ್ರೂರು, ಕುಂದಾಪುರ. ಹೆಚ್ಚುಕಡಿಮೆ 60 ಕಿ.ಮೀ. ಆಗುತ್ತದೆ. ಕಂಡ್ಲೂರಿನ ಸೇತುವೆ ಮೇಲೆ ಐದು ನಿಮಿಷ ನಿಲ್ಲಿ. ಘಾಟಿಯ ಹೊಳೆ ಹೇಗೆ ಅಗಲವಾಗಿ, ಸುಮ್ಮನಾಗಿ ಕಡಲ ಕಡೆ ಹೋಗುತ್ತದೆ ಅಂತ ಅಲ್ಲಿ ಕಾಣುತ್ತದೆ. ಕೊನೆಗೆ ಕುಂದಾಪುರದಿಂದ ಕೋಟೇಶ್ವರಕ್ಕೆ ಮಾತ್ರ ಹೆದ್ದಾರಿ. ಅಲ್ಲಿ ಸರ್ವಿಸ್ ರಸ್ತೆ ಇರುವಷ್ಟು ದೂರ ಅದನ್ನು ಬಿಡಬೇಡಿ.

ಇನ್ನೊಂದು ದಿನ ಸಿದ್ದಾಪುರದವರೆಗೆ ಹೋಗಿ ಕಮಲಶಿಲೆಗೆ ತಿರುಗಿ. ಕುಬ್ಜಾ ಹೊಳೆಯ ದಡದ ಬ್ರಾಹ್ಮೀ ದುರ್ಗಾಪರಮೇಶ್ವರಿ ದೇವಸ್ಥಾನ ಅದು. ಮಳೆಗಾಲದಲ್ಲಿ ಹೊಳೆ ಉಕ್ಕಿ ಗರ್ಭಗುಡಿಯೊಳಗೇ ನೀರು ಬರುತ್ತದೆ. ನವೆಂಬರಿನಲ್ಲಿ ಹೋದರೆ ಅದೇ ಹೊಳೆ ಕಲ್ಲುಗಳ ನಡುವೆ ತಣ್ಣಗೆ ಹರಿಯುತ್ತಿರುತ್ತದೆ.

ಕಡಲು ನೋಡಲೇಬೇಕು ಅನಿಸಿದ ದಿನ ಬೀಜಾಡಿ, ಗೋಪಾಡಿ ಕಡೆಯ ಒಳರಸ್ತೆಗೆ ಹೋಗಿ. ಹೆದ್ದಾರಿಗಿಂತ ಪಡುವಣಕ್ಕೆ ಇದೆ, ಅಲೆಯ ಸದ್ದು ಕೇಳುತ್ತದೆ. ರಸ್ತೆ ಸಪೂರ, ಮಕ್ಕಳು, ಕೋಳಿ, ಒಣಗಲು ಹಾಕಿದ ಮೀನು ಎಲ್ಲ ಇರುತ್ತದೆ. ಅಲ್ಲಿ ವೇಗದ ಯೋಚನೆ ಬೇಡ.

ಬಡಗು ದಿಕ್ಕಿನ ಒಂದು ದಾರಿಯನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಹೆಮ್ಮಾಡಿಯಿಂದ ವಂಡ್ಸೆ, ಚಿತ್ತೂರು ಮೇಲೆ ಕೊಲ್ಲೂರಿಗೆ ಹೋಗುವ ದಾರಿ. ಕುಂದಾಪುರದಿಂದ ಸುಮಾರು 40 ಕಿ.ಮೀ. ಹೆಮ್ಮಾಡಿಯವರೆಗೆ ಹೆದ್ದಾರಿ ತಪ್ಪಿಸಲು ಆಗುವುದಿಲ್ಲ. ಬೇಕಿದ್ದರೆ ಅಷ್ಟು ದೂರ ಸೈಕಲ್ಲನ್ನು ಕಾರಿನಲ್ಲೋ ರಿಕ್ಷಾದಲ್ಲೋ ಹಾಕಿಕೊಂಡು ಹೋಗಿ, ಅದರಲ್ಲಿ ಏನೂ ಸಣ್ಣತನ ಇಲ್ಲ. ಸಂಕ್ರಾಂತಿಯ ಹೊತ್ತಿಗೆ ಹೋದರೆ ಹೆಮ್ಮಾಡಿಯ ಗದ್ದೆಗಳಲ್ಲಿ ಸೇವಂತಿಗೆ ಹಳದಿಗಟ್ಟಿರುತ್ತದೆ. ಆ ಹೂವು ಮೊದಲು ಹೋಗುವುದು ಚಿತ್ತೂರಿನ ಹತ್ತಿರದ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ. ಅಂದರೆ ನೀವು ಹೂವು ಹೋಗುವ ದಾರಿಯಲ್ಲೇ ಹೋಗುತ್ತೀರಿ. ನನ್ನ ಅಜ್ಜಿಮನೆ ಆ ಕಡೆ. ಚಿಕ್ಕಂದಿನಲ್ಲಿ ಮಾವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಅದೇ ಜಾತ್ರೆಗೆ ಹೋಗಿದ್ದೇನೆ, ಮಡಿಲಲ್ಲಿ ಒದ್ದೆ ಬಾಳೆಲೆಯ ಹೂವಿನ ಕಟ್ಟು ಇಟ್ಟುಕೊಂಡು. ಕೊಲ್ಲೂರಿನಿಂದ ಗೋಳಿಹೊಳೆ ಮೇಲೆ ಬೈಂದೂರಿಗೆ ಇಳಿದರೆ ಅಲ್ಲಿ ರೈಲು ನಿಲ್ದಾಣ ಇದೆ. ಸೈಕಲ್ ರೈಲಿಗೆ ಹಾಕುವ ವಿಚಾರ ಮೊದಲೇ ಕೇಳಿಕೊಂಡಿರಿ.

ಈಗ ಘಾಟಿ. ಖಂಡಿತ ಹತ್ತಬಹುದು. 46 ಏನು ದೊಡ್ಡ ವಯಸ್ಸಲ್ಲ. ಘಾಟಿಗೆ ಬೇಕಾದ್ದು ಜೋರಲ್ಲ, ತಾಳ್ಮೆ ಮತ್ತು ಸಣ್ಣ ಗಿಯರ್. ನಿಮ್ಮ ಸೈಕಲ್ಲಿನ ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 28 ಹಲ್ಲಿನದಾಗಿದ್ದರೆ 32 ಅಥವಾ 34ರದ್ದು ಹಾಕಿಸಿ. ಡಿರೇಲರ್, ಅಂದರೆ ಗಿಯರ್ ಬದಲಿಸುವಾಗ ಚೈನನ್ನು ಸರಿಸುವ ಭಾಗ, ಅಷ್ಟನ್ನು ಹಿಡಿಯುತ್ತದಾ ಅಂತ ಅಂಗಡಿಯಲ್ಲಿ ಕೇಳಿ. ನಾನು ಮೊದಲ ಸಲ ಬಾಳೆಬರೆ, ಅಂದರೆ ಹುಲಿಕಲ್ ಘಾಟಿ, ಹತ್ತಿದ್ದು ದೊಡ್ಡ ಗಿಯರಿನಲ್ಲಿ. ಮಂಡಿ ನೋವು ಎರಡು ತಿಂಗಳು ಹೋಗಲಿಲ್ಲ. ಎರಡನೇ ಸಲ ಹಲ್ಲುಚಕ್ರ ಬದಲಿಸಿಕೊಂಡು ಹೋದೆ. ಹೊಸಂಗಡಿ ಬಿಟ್ಟ ಮೇಲೆ ಒಂದೇ ಲಯದಲ್ಲಿ ತುಳಿಯುತ್ತಾ ಹೋದೆ. ಚಂಡಿಕಾಂಬಾ ಗುಡಿಯ ಹತ್ತಿರ ಡ್ರೈವರುಗಳು ಗಾಡಿ ನಿಲ್ಲಿಸಿ ಕೈ ಮುಗಿಯುತ್ತಾರೆ. ನಾನೂ ಇಳಿದು ಕೈ ಮುಗಿದೆ. ಒಬ್ಬ ಲಾರಿ ಡ್ರೈವರ್ ಏನೂ ಕೇಳದೆ ನನ್ನ ಬಾಟಲಿಗೆ ನೀರು ತುಂಬಿಸಿಕೊಟ್ಟರು. ಅವರ ಮುಖ ಇವತ್ತಿಗೂ ನೆನಪಿದೆ.

ಆಗುಂಬೆಗೆ ಹೋಗುವುದಾದರೆ ಹಾಲಾಡಿಯಿಂದ ಗೋಳಿಯಂಗಡಿ, ಬೆಳ್ವೆ ಕಡೆಯಿಂದ ಹೆಬ್ರಿಗೆ ಬಂದು ಸೋಮೇಶ್ವರ ಸೇರಬೇಕು. ಅಲ್ಲಿಂದ 14 ಹೇರ್‌ಪಿನ್ ತಿರುವು, ಸುಮಾರು 500 ಮೀಟರ್ ಏರು. ತಿರುವುಗಳಲ್ಲಿ ಬಸ್ಸಿಗೆ ರಸ್ತೆಯ ಪೂರ್ತಿ ಅಗಲ ಬೇಕು. ಸದ್ದು ಕೇಳಿದರೆ ತಿರುವಿಗೆ ಮೊದಲೇ ಬದಿಗೆ ನಿಂತುಬಿಡಿ. ಶನಿವಾರ, ಭಾನುವಾರ ಬೇಡ. ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಇರಬೇಡಿ, ರಿಮ್ ಕಾಯುತ್ತದೆ. ತಿರುವಿಗೆ ಮೊದಲು ಚೆನ್ನಾಗಿ ಹಿಡಿಯಿರಿ, ತಿರುವಿನಲ್ಲಿ ಬಿಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಯ ಆಸೆ ಬಿಟ್ಟುಬಿಡಿ. ಗುಡ್ಡ ಜಾರುತ್ತದೆ, ರಸ್ತೆಗೆ ಪಾಚಿ ಕಟ್ಟುತ್ತದೆ, ಕೆಂಪು ಮಣ್ಣು ಬ್ರೇಕ್ ಪ್ಯಾಡನ್ನು ತಿಂದು ಹಾಕುತ್ತದೆ. ನವೆಂಬರಿನಿಂದ ಫೆಬ್ರವರಿ ನಮ್ಮ ಕಾಲ.

ಎರಡು ವಿಷಯವನ್ನು ಮಾತ್ರ ಯಾವತ್ತೂ ಮರೆಯಬೇಡಿ. ಒಂದು, ಸೂರ್ಯ. ಬೆಳಿಗ್ಗೆ ನೀವು ಮೂಡು ದಿಕ್ಕಿಗೆ ಹೋಗುತ್ತೀರಿ. ಹಿಂದಿನಿಂದ ಬರುವ ಡ್ರೈವರಿನ ಕಣ್ಣಿಗೆ ಬಿಸಿಲು ನೇರ ಹೊಡೆಯುತ್ತಿರುತ್ತದೆ. ನೀವು ಅವನಿಗೆ ಕಾಣುವುದೇ ಇಲ್ಲ. ಹಗಲಾದರೂ ಹಿಂದಿನ ಕೆಂಪು ದೀಪ ಮಿನುಗುತ್ತಿರಲಿ. ಎರಡು, ಗಾಳಿ. ಬೆಳಿಗ್ಗೆ ಗಾಳಿ ಸುಮ್ಮನಿರುತ್ತದೆ. ಬಿಸಿಲೇರಿದ ಮೇಲೆ ಕಡಲ ಗಾಳಿ ಪಡುವಣದಿಂದ ಬೀಸಲು ಶುರುವಾಗುತ್ತದೆ. ಅಂದರೆ ಸುಸ್ತಾಗಿ ಮನೆಗೆ ಬರುವಾಗ ಅದು ಎದುರಿಗೇ ಇರುತ್ತದೆ. ಹಾಗಾಗಿ 10 ಗಂಟೆಯೊಳಗೆ ವಾಪಸ್ ಮುಟ್ಟುವ ಹಾಗೆ ಹೊರಡಿ. ತಡವಾದರೆ ಒಂದು ಸೀಯಾಳ ಕುಡಿದು, ನೆರಳಲ್ಲಿ ಕೂತು, ನಿಧಾನ ಬನ್ನಿ.

ಟೈರ್ 28 ಮಿ.ಮೀ. ಇರಲಿ, ಅದಕ್ಕಿಂತ ಸಪೂರದ್ದು ನಮ್ಮ ಒಳರಸ್ತೆಗೆ ಆಗುವುದಿಲ್ಲ. ಎರಡು ಟ್ಯೂಬ್ ಜೊತೆಗಿರಲಿ. ನಿಮ್ಮ ಟ್ಯೂಬಿನದ್ದು ಪ್ರೆಸ್ಟಾ ವಾಲ್ವ್, ಅಂದರೆ ಸ್ಕೂಟರಿನದ್ದಕ್ಕಿಂತ ಸಪೂರದ್ದು, ಆಗಿದ್ದರೆ ಒಂದು ಸಣ್ಣ ಹಿತ್ತಾಳೆ ಅಡಾಪ್ಟರ್ ಕೊಂಡಿಟ್ಟುಕೊಳ್ಳಿ. ಆಗ ಸಿದ್ದಾಪುರದ ಸ್ಕೂಟರ್ ಪಂಕ್ಚರ್ ಅಂಗಡಿಯವರೂ ನಿಮಗೆ ಗಾಳಿ ಹಾಕಿಕೊಡಬಹುದು. ಘಾಟಿಗೆ ಒಬ್ಬರೇ ಹೋಗಬೇಡಿ, ಎಷ್ಟೋ ಕಡೆ ಫೋನ್ ಸಿಗುವುದಿಲ್ಲ.

ಮರವಂತೆ ಲೇಖನಕ್ಕೆ ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಅದರ ಜೊತೆಗೆ ಹಾಲಾಡಿ–ಶಂಕರನಾರಾಯಣ–ಬಸ್ರೂರು ಸುತ್ತಿನ ನಕ್ಷೆಯೂ ಇರುತ್ತದೆ. ಅಚ್ಚಿಗೆ ಹೋಗುವ ಮೊದಲು ನೀವು ಆ ದಾರಿಯಲ್ಲಿ ಒಮ್ಮೆ ಹೋಗಿ ಬಂದು, ಎಲ್ಲಿ ಹೊಂಡ ಇದೆ, ಎಲ್ಲಿ ನೀರು ಸಿಗುತ್ತದೆ ಅಂತ ಬರೆದು ಕಳಿಸಿದರೆ ನಕ್ಷೆಯಲ್ಲಿ ಗುರುತು ಹಾಕುತ್ತೇನೆ.

– ಸಂಪಾದಕ