ಕೊರಿಯಾದಲ್ಲಿ ಏಡಿ ಸಾರಿನ ಹೋಟೆಲ್‌ಗೆ ಒಬ್ಬನೇ ಹೋಗಬಹುದಾ? ತುಂಬಾ ಖಾರ ಇರುತ್ತದಾ?

ಅಕ್ಟೋಬರ್‌ನಲ್ಲಿ ಆಫೀಸ್ ಕೆಲಸಕ್ಕೆ ಇಂಚಾನ್‌ಗೆ ಹೋಗುತ್ತಿದ್ದೇನೆ ಅಂದಿದ್ದೀರಿ. ಹಾಗಾದರೆ ಕೊತ್ಕೆತಾಂಗ್, ಅಂದರೆ ಅಲ್ಲಿನ ಏಡಿ ಸಾರು, ತಿನ್ನದೆ ಬರಬೇಡಿ. ಆದರೆ ಒಬ್ಬರೇ ಹೋದರೆ ಕಷ್ಟ. ಸಾರು ದೊಡ್ಡ ಪಾತ್ರೆಯಲ್ಲೇ ಬರುತ್ತದೆ. ಮೆನುವಿನಲ್ಲಿ ಇರುವ ಸಣ್ಣ ಸೈಜೇ ಇಬ್ಬರಿಗೆ ಆಗುತ್ತದೆ. ಆಫೀಸಿನವರನ್ನು ಯಾರನ್ನಾದರೂ ಕರೆದುಕೊಂಡು ಹೋಗಿ.

ಸೀಸನ್ ಮುಖ್ಯ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಬೋಟ್ ಇಳಿಯೋದಿಲ್ಲ ಅಲ್ವಾ, ಅಲ್ಲಿಯೂ ಸಾಮಾನ್ಯವಾಗಿ ಜೂನ್ 21ರಿಂದ ಆಗಸ್ಟ್ 20ರವರೆಗೆ ಈ ಏಡಿ ಹಿಡಿಯುವಂತಿಲ್ಲ. ವಸಂತದಲ್ಲಿ ಹೆಣ್ಣೇಡಿ ಚೆನ್ನ, ಒಳಗೆ ಮೊಟ್ಟೆ ತುಂಬಿರುತ್ತದೆ. ಸೆಪ್ಟೆಂಬರ್ ನಂತರ ಗಂಡೇಡಿಯಲ್ಲಿ ಮಾಂಸ ಜಾಸ್ತಿ. ಹೊಟ್ಟೆಯ ಮೇಲಿನ ಮಡಿಕೆ ಚೂಪಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಹೆಣ್ಣು. ಇಂಚಾನ್‌ನಲ್ಲೇ ಇರುವ ಸೊರೆ ಪೊಗು ಮೀನು ಮಾರುಕಟ್ಟೆಗೆ ಹೋದರೆ ಜೀವಂತ ಏಡಿಯನ್ನೇ ನೋಡಬಹುದು.

ಇನ್ನು ಖಾರ. ಬಣ್ಣ ನೋಡಿ ಹೆದರಬೇಡಿ. ಅವರ ಮೆಣಸಿನ ಪುಡಿ ನಮ್ಮ ಬ್ಯಾಡಗಿ ಥರ, ಕೆಂಪು ಜಾಸ್ತಿ, ಖಾರ ಕಮ್ಮಿ. ತೆಂಗಿನಕಾಯಿ ಇಲ್ಲ, ಹುಳಿ ಇಲ್ಲ. ಸೋಯಾ ಕಾಳು ಹುದುಗಿಸಿ ಮಾಡಿದ ದ್ವೆನ್ಜಾಂಗ್, ಬೆಳ್ಳುಳ್ಳಿ, ಮೂಲಂಗಿ, ಎಳೆ ಕುಂಬಳದ ಥರದ ಒಂದು ತರಕಾರಿ, ಮೇಲೆ ಘಮಘಮ ಸೊಪ್ಪು. ಎಲ್ಲ ಹಾಕಿ ಟೇಬಲ್ ಮೇಲಿನ ಸ್ಟವ್‌ನಲ್ಲೇ ಕುದಿಸುತ್ತಾರೆ.

ಮೊದಲ ಸಲ ಹೋದವರು ಏಡಿಗೆ ಕೈ ಹಾಕಿ, ಮಾಂಸ ಮುಗಿಸಿ ಎದ್ದುಬಿಡುತ್ತಾರೆ. ನನ್ನ ಮಟ್ಟಿಗೆ ಊಟ ಶುರುವಾಗುವುದೇ ಅಲ್ಲಿಂದ. ಮೊದಲ ಚಮಚ ಸಾರು ತೆಳ್ಳಗೆ, ಬರೀ ಉಪ್ಪುಪ್ಪು ಅನ್ನಿಸುತ್ತದೆ. ಉರಿ ಸಣ್ಣ ಮಾಡಿ ಬಿಡಿ. ಚಿಪ್ಪಿನ ರಸ ಇಳಿದು, ಮೂಲಂಗಿ ಮೆತ್ತಗಾಗಿ, ಸಾರು ಗಟ್ಟಿಯಾಗುತ್ತಾ ಸಿಹಿ ಬರುತ್ತದೆ. ಆ ಸಿಹಿ ಏಡಿಯದು, ಸಕ್ಕರೆಯದಲ್ಲ. ಆಗ ಮೇಲಿನ ಚಿಪ್ಪಿಗೆ ಎರಡು ಚಮಚ ಅನ್ನ ಹಾಕಿ, ಒಳಗೆ ಅಂಟಿರುವುದನ್ನೆಲ್ಲ ಕೆರೆದು, ಸಾರು ಬಿಟ್ಟು ಕಲಸಿ ತಿನ್ನಿ. ಕೊನೆಗೆ ಸುಜೆಬಿ ಹೇಳಿ. ಹಿಟ್ಟನ್ನು ಕೈಯಲ್ಲೇ ಹರಿದು ಸಾರಿಗೆ ಹಾಕುತ್ತಾರೆ, ಅದು ರಸ ಕುಡಿದು ಬೇಯುತ್ತದೆ. ಸುಜೆಬಿ ಇಲ್ಲದಿದ್ದರೆ ರಾಮ್ಯೊನ್ ನೂಡಲ್ಸ್ ಆದರೂ ಸರಿ. ಅದಕ್ಕೆ ಹೊಟ್ಟೆಯಲ್ಲಿ ಜಾಗ ಇಟ್ಟುಕೊಳ್ಳಲೇಬೇಕು.

ಪಕ್ಕದ ಟೇಬಲ್‌ನಲ್ಲಿ ಗಂಜಾಂಗ್ ಗೆಜಾಂಗ್ ಕಾಣಿಸಬಹುದು. ಅದು ಸೋಯಾ ಸಾಸ್‌ನಲ್ಲಿ ನೆನೆಸಿದ ಹಸಿ ಏಡಿ. ರುಚಿ ಅದ್ಭುತ. ಆದರೂ ಹಸಿ ಮೀನು, ಏಡಿ ತಿಂದು ಅಭ್ಯಾಸ ಇಲ್ಲದಿದ್ದರೆ ಮೊದಲ ದಿನವೇ ಬೇಡ ಅಂತ ನನ್ನ ಸಲಹೆ.

ಕೈ ಹಾಕಿ ತಿನ್ನಲು ಸಂಕೋಚ ಬೇಡ, ಎಲ್ಲರೂ ಹಾಗೇ ತಿನ್ನುತ್ತಾರೆ. ಕಾಲು ಕತ್ತರಿಸಲು ಕತ್ತರಿ ಇರುತ್ತದೆ, ಕೈಗೆ ಪ್ಲಾಸ್ಟಿಕ್ ಗ್ಲೌಸ್ ಕೇಳಿದರೆ ಕೊಡುತ್ತಾರೆ. ಚಮಚ, ಚಾಪ್‌ಸ್ಟಿಕ್ ಕಾಣದಿದ್ದರೆ ಟೇಬಲ್ ಬದಿಯ ಡ್ರಾಯರ್ ಎಳೆದು ನೋಡಿ. ಊಟದ ಜೊತೆ ಇಡುವ ಕಿಮ್ಚಿ, ಪಲ್ಯದಂಥ ಬಂಚಾನ್‌ಗಳಿಗೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ಕೇಳಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಮೆನುವಿನಲ್ಲಿ ಬೆಲೆಯ ಜಾಗದಲ್ಲಿ 'ಶಿಗಾ' ಅಂತ ಇದ್ದರೆ ಅದು ಆ ದಿನದ ಮಾರುಕಟ್ಟೆ ರೇಟು. ಆರ್ಡರ್ ಮಾಡುವ ಮೊದಲೇ ಎಷ್ಟು ಅಂತ ಕೇಳಿಬಿಡಿ.